ಬರದ ಸೀಮೆಯಲ್ಲಿ ಕೋಡಿ: ಚಿತ್ರದುರ್ಗ ಜಿಲ್ಲೆಯ ವಿಪತ್ತು ನಿರ್ವಹಣೆ

ವಾಣಿವಿಲಾಸ ಸಾಗರ ಕೋಡಿ ಬಿದ್ದ ಸುದ್ದಿ 2022ರ ಸೆಪ್ಟೆಂಬರ್‌ನಲ್ಲಿ ಹಬ್ಬಿದಾಗ ಜನ ಜಾತ್ರೆಗೆ ಹೊರಟಂತೆ ಹಿರಿಯೂರಿನ ಕಡೆ ಹೊರಟರು. ಆ ಜಲಾಶಯ ಹಿಂದೆ ಒಮ್ಮೆ ಮಾತ್ರ, 1933ರಲ್ಲಿ, ಕೋಡಿ ಬಿದ್ದಿತ್ತು. ನಡುವೆ 89 ವರ್ಷ ಸರಿದುಹೋಗಿತ್ತು. ಮೊಮ್ಮಕ್ಕಳನ್ನು ಕರೆತಂದ ಅಜ್ಜಂದಿರಿಗೂ ಅದು ಮೊದಲ ನೋಟವೇ. ಅದೇ ದಿನಗಳಲ್ಲಿ, ಜಲಾಶಯದ ಹಿನ್ನೀರು ಚಾಚಿಕೊಳ್ಳುವ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ತೆಂಗು, ಅಡಿಕೆ ತೋಟಗಳು ನೀರಿನಲ್ಲಿ ನಿಂತವು, ರಸ್ತೆಗಳು ಮುಳುಗಿದವು, ಕೆಲವು ಮನೆಗಳಿಗೆ ನೀರು ನುಗ್ಗಿತು. ಅಣೆಕಟ್ಟಿನ ಕೆಳಗೆ ವೇದಾವತಿ ನದಿಯ ದಂಡೆಯ ಹೊಲಗಳೂ ಪೆಟ್ಟು ತಿಂದವು. ಐದಾರು ವರ್ಷ ಹಿಂದೆ ತಳ ಕಂಡಿದ್ದ ಜಲಾಶಯವೇ ಇದು.

ವಿಪತ್ತು ನಿರ್ವಹಣೆ ಎಂದೊಡನೆ ಭೂಕಂಪ, ಚಂಡಮಾರುತ, ಗುಡ್ಡ ಕುಸಿತ, ದೋಣಿಯಲ್ಲಿ ಬಂದ ರಕ್ಷಣಾ ಪಡೆ ಕಣ್ಣಿಗೆ ಕಟ್ಟುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ವಿಪತ್ತು ಆ ಬಗೆಯದಲ್ಲ. ಇಲ್ಲಿ ಅದು ಸದ್ದಿಲ್ಲದೆ ಬರುತ್ತದೆ. ರೋಹಿಣಿ ಮಳೆ ಹುಸಿಯಾಗುತ್ತದೆ, ಮೃಗಶಿರ ಮೋಡ ಕಟ್ಟಿ ಚೆದುರುತ್ತದೆ, ಆರಿದ್ರದಲ್ಲಿ ಬಿತ್ತಿದ್ದು ಪುಷ್ಯದ ಹೊತ್ತಿಗೆ ಬಾಡುತ್ತದೆ. ಇದು ಬರ ಎಂದು ಸರ್ಕಾರಿ ಕಾಗದದಲ್ಲಿ ಬರುವ ವೇಳೆಗೆ ಮನೆಯ ದನ ಸಂತೆ ಸೇರಿರುತ್ತದೆ. ಈ ನಾಲ್ಕೂ ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿವೆ. ಕೃಷಿ ವಿಜ್ಞಾನಿಗಳು ಇದನ್ನು ಮಧ್ಯ ಒಣ ವಲಯ ಎನ್ನುತ್ತಾರೆ. ಜಿಲ್ಲೆಯ ವಾಡಿಕೆ ಮಳೆ 600 ಮಿಲಿಮೀಟರಿನ ಒಳಗೇ. ಪಶ್ಚಿಮದ ಹೊಳಲ್ಕೆರೆಗೆ ಮಲೆನಾಡಿನ ಸೆರಗು ಸ್ವಲ್ಪ ತಾಗುವುದರಿಂದ ಅಲ್ಲಿ ಅಡಿಕೆಯ ತಂಪು ಹಳೆಯದು. ಪೂರ್ವಕ್ಕೆ ಹಿರಿಯೂರಿನತ್ತ ಸಾಗಿದಂತೆ ನೆಲ ಕೆಂಪಾಗಿ, ಕಪ್ಪಾಗಿ, ಬರಡಾಗುತ್ತ ಹೋಗುತ್ತದೆ.

ಇಂಥ ನೆಲದಲ್ಲಿ ಊರುಗಳು ಸಾವಿರಾರು ವರ್ಷ ಬಾಳಿದ್ದು ಹೇಗೆ ಎಂಬುದಕ್ಕೆ ಮೊದಲ ಲಿಖಿತ ಸಾಕ್ಷಿ ಚಿತ್ರದುರ್ಗದ ಮಗ್ಗುಲಲ್ಲೇ ಇದೆ. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ್ದೆಂದು ಎಣಿಸಲಾಗುವ ಆ ಪುಟ್ಟ ಬರಹ ಅವನು ಗೆದ್ದ ಅರಸರ ಪಟ್ಟಿ ಕೊಡುತ್ತದೆ. ಜೊತೆಗೆ ಅವನು ಅಲ್ಲೊಂದು ಕೆರೆಯನ್ನು ಮಾಡಿಸಿದ ಎಂದೂ ಹೇಳುತ್ತದೆ. ಕನ್ನಡ ನಾಡಿನ ಮೊದಲ ರಾಜವಂಶದ ಸ್ಥಾಪಕ ತನ್ನ ಹೆಸರನ್ನು ಒಂದು ಕೆರೆಯ ಜೊತೆ ಕಲ್ಲಿಗೆ ಬರೆಸಿದ್ದು ಈ ಸೀಮೆಯಲ್ಲಿ.

ಅಲ್ಲಿಂದ ಬೆಟ್ಟ ಹತ್ತಿದರೆ ಕೋಟೆ. ಏಳು ಸುತ್ತಿನ ಕೋಟೆಯ ಬಗ್ಗೆ, ಒನಕೆ ಓಬವ್ವನ ಬಗ್ಗೆ ಶಾಲೆಯ ಮಕ್ಕಳೂ ಹೇಳಬಲ್ಲರು. ಕೋಟೆಯ ಹೊಂಡಗಳಿಗೆ ಅಷ್ಟು ಹೆಸರು ಬಂದಿಲ್ಲ. ಬೆಟ್ಟದ ಬಂಡೆಗಳ ಮೇಲೆ ಬಿದ್ದ ಮಳೆ ಇಳಿಜಾರು ಹಿಡಿದು ಗೋಪಾಲಸ್ವಾಮಿ ಹೊಂಡಕ್ಕೆ ಸೇರುತ್ತದೆ. ಅದು ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಹರಿಯುತ್ತದೆ. ಅಲ್ಲಿಂದಲೂ ಉಕ್ಕಿದ್ದು ಕೋಟೆಯ ಕೆಳಗಿಳಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಪಾಲಾಗುತ್ತದೆ. ಒಂದರ ಕೋಡಿ ಇನ್ನೊಂದರ ಹುಟ್ಟು. ಮುತ್ತಿಗೆ ಹಾಕಿದ ಸೈನ್ಯ ತಿಂಗಳುಗಟ್ಟಲೆ ಕಾದರೂ ಕೋಟೆಯೊಳಗಿನವರು ಬಾಯಾರದೆ ಉಳಿದದ್ದು ಈ ಸರಪಳಿಯಿಂದ, ಹಗೇವು ಕಣಜಗಳಲ್ಲಿ ಕೂಡಿಟ್ಟ ಧಾನ್ಯದಿಂದ. ಪಾಳೆಯಗಾರರ ಶೌರ್ಯಕ್ಕೆ ಸಲ್ಲುವ ಹೊಗಳಿಕೆಯಲ್ಲಿ ಒಂದು ಪಾಲು ಈ ಹೊಂಡಗಳನ್ನು ಕಡಿದ ಕಲ್ಲುಕುಟಿಗರಿಗೂ ಒಡ್ಡರಿಗೂ ಸಲ್ಲಬೇಕು.

ಬಯಲಿನಲ್ಲಿ ಇದೇ ಲೆಕ್ಕಾಚಾರ ಕೆರೆಗಳ ರೂಪ ತಳೆಯಿತು. ಭೀಮಸಮುದ್ರ, ಭರಮಸಾಗರ, ಹೆಸರಿನಲ್ಲೇ ಕೆರೆ ಹೊತ್ತ ಹೊಳಲ್ಕೆರೆ: ಊರಿನ ಹೆಸರುಗಳೇ ಜಲಪಟ್ಟಿಯಂತಿವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಹಳ್ಳದ ಮೂಲಕ ಕೆಳಗಿನ ಕೆರೆ ತುಂಬುವ ಸಾಲು ಕೆರೆಗಳು ಇಡೀ ಒಳನಾಡಿನ ಗುರುತು. ಇದನ್ನು ಉಳಿಸಿಕೊಳ್ಳಲು ವ್ಯವಸ್ಥೆಯೂ ಇತ್ತು. ಕೆರೆ ಕಟ್ಟಿಸಿದವನಿಗೆ, ದುರಸ್ತಿ ಮಾಡಿದವನಿಗೆ ಕೊಡುವ ಭೂಮಿ ಕಟ್ಟುಕೊಡಗೆ. ಅಚ್ಚುಕಟ್ಟಿನ ಹುಟ್ಟುವಳಿಯಲ್ಲಿ ಹತ್ತನೆಯ ಒಂದು ಪಾಲು ದಸವಂದ. ಹೂಳೆತ್ತಲು, ಏರಿ ನೋಡಿಕೊಳ್ಳಲು ಮೀಸಲಿಟ್ಟದ್ದು ಬಿತ್ತುವಟ್ಟ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳಿವು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದವನು ನೀರುಗಂಟಿ. ಮಳೆ ಕಡಿಮೆಯಾದ ವರ್ಷ ಅವನ ಮಾತೇ ಕಾನೂನು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನು ಊರಿನ ವಿಪತ್ತು ಅಧಿಕಾರಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆರೆಗಳ ಹೊಣೆ ಊರಿನ ಕೈಯಿಂದ ಲೋಕೋಪಯೋಗಿ ಇಲಾಖೆಯ ಕೈಗೆ ಸರಿಯತೊಡಗಿತು. ಈಗ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಈ ಹಂಚಿಕೆಯಲ್ಲಿ ಕೆರೆಗೆ ಇಲಾಖೆ ಸಿಕ್ಕಿತು, ಆದರೆ ವಾರಸುದಾರ ಸಿಗಲಿಲ್ಲ. 2000ದ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯೂ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದ ಜಲಸಂವರ್ಧನೆ ಯೋಜನೆಯೂ ಚಿತ್ರದುರ್ಗ ಜಿಲ್ಲೆಗೆ ಬಂದವು. ಎರಡರ ಹಿಂದೆಯೂ ಇದ್ದ ಆಲೋಚನೆ ಹಳೆಯದೇ: ಕೆರೆಯನ್ನು ಊರಿಗೆ ಮರಳಿಸಬೇಕು.

ಕೆರೆಗಳು ಊರಿನ ಕೈತಪ್ಪತೊಡಗಿದ್ದ ಕಾಲದಲ್ಲೇ ಬಂದ 1876ರಿಂದ 78ರವರೆಗಿನ ಕ್ಷಾಮವನ್ನು ಹಳೆ ಮೈಸೂರಿನ ಜನ ಸಂವತ್ಸರದ ಹೆಸರಿನಿಂದಲೇ ನೆನಪಿಟ್ಟುಕೊಂಡರು: ಧಾತು, ಈಶ್ವರ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅಂಕಿಗಳಲ್ಲಿ ಇದು ಒಂದು ಸಾಲು. ಊರುಗಳಲ್ಲಿ ಹಾಳುಬಿದ್ದ ಕೇರಿಗಳು. ಕಣಜದಲ್ಲಿ ಧಾನ್ಯ ಉಳ್ಳವರು ಬದುಕಿದರು; ಕೂಲಿಯವರು, ಕುರಿಗಾಹಿಗಳು, ನೇಕಾರರು ಮೊದಲು ಸತ್ತರು. ಬರ ಎಲ್ಲರಿಗೂ ಒಂದೇ ಆಗಿ ಬರುತ್ತದೆ ಎಂಬ ಮಾತು ಸುಳ್ಳೆಂದು ಆ ಎರಡು ವರ್ಷಗಳೇ ತೋರಿಸಿವೆ.

ಆ ನೆನಪು ಹಸಿಯಾಗಿರುವಾಗಲೇ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾಯಿತು. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದುಬರುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗ ತಾಲ್ಲೂಕನ್ನು ಹಾಯ್ದು ಹಿರಿಯೂರಿನ ಮೇಲ್ಗಡೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಅಲ್ಲಿ ಕಣಿವೆ ಮಾರಮ್ಮನ ಗುಡಿ. ಅಲ್ಲೇ ಕಲ್ಲು ಗಾರೆಯ ಅಣೆಕಟ್ಟು ಎದ್ದು 1907ರ ಹೊತ್ತಿಗೆ ಪೂರ್ಣಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಅದಕ್ಕೆ ಬಂತು. ಕೃಷ್ಣರಾಜಸಾಗರಕ್ಕಿಂತ ಹಿರಿಯದು. ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಪಾತ್ರೆ, ಪೂರ್ಣಮಟ್ಟ 130 ಅಡಿ. ಈ ಮಳೆಗೆ ಇಷ್ಟು ದೊಡ್ಡ ಪಾತ್ರೆ ಏಕೆ ಎಂದು ಕೇಳಿದವರಿದ್ದರು. ಉತ್ತರ ಅದರ ಗಾತ್ರದಲ್ಲೇ ಇದೆ. ಇದು ಪ್ರತಿ ವರ್ಷ ತುಂಬಲೆಂದು ಕಟ್ಟಿದ್ದಲ್ಲ. ಒಳ್ಳೆಯ ವರ್ಷದ ನೀರನ್ನು ಮುಂದಿನ ಕೆಟ್ಟ ವರ್ಷಗಳಿಗೆ ದಾಟಿಸುವ ಕಣಜ ಇದು, ನೀರಿನ ಹಗೇವು.

ಹಗೇವಿಗೂ ಮಿತಿಯುಂಟು. 2010ರ ದಶಕದ ಸಾಲು ಬರಗಳಲ್ಲಿ ನೀರು ಡೆಡ್ ಸ್ಟೋರೇಜ್ ಮಟ್ಟಕ್ಕೆ ಇಳಿಯಿತು. ಹಿರಿಯೂರು, ಹೊಸದುರ್ಗದ ತೆಂಗಿನ ತೋಟಗಳಲ್ಲಿ ಸುಳಿ ಒಣಗಿದ ಮರಗಳು ಕಂಬಗಳಂತೆ ನಿಂತವು. ತೆಂಗಿನ ಮರ ಸತ್ತರೆ ಒಂದು ವರ್ಷದ ಬೆಳೆ ಹೋದಂತಲ್ಲ. ಒಂದು ತಲೆಮಾರಿನ ಆದಾಯ ಹೋದಂತೆ. ರಾಗಿ ಒಣಗಿದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಪರಿಹಾರದ ಲೆಕ್ಕಪತ್ರಗಳು ಈ ವ್ಯತ್ಯಾಸವನ್ನು ಇಂದಿಗೂ ಸರಿಯಾಗಿ ಹಿಡಿದಿಲ್ಲ.

ಮೇಲಿನ ನೀರು ಕೈಕೊಟ್ಟಾಗ ಜನ ಕೆಳಗೆ ಕೊರೆದರು. ಕೊಳವೆಬಾವಿ ಮೊದಲು ಬರಕ್ಕೆ ಮದ್ದಾಗಿ ಬಂತು, ನಿಧಾನವಾಗಿ ಬರದ ಇನ್ನೊಂದು ರೂಪವಾಯಿತು. ಒಂದು ಬತ್ತಿದರೆ ಇನ್ನೊಂದು, ಅದಕ್ಕಿಂತ ಆಳ. ಪ್ರತಿ ಬೋರಿಗೂ ಸಾಲ. ಆಳದ ನೀರಿನಲ್ಲಿ ಫ್ಲೋರೈಡ್. ಹಲ್ಲಿನ ಮೇಲೆ ಕಂದು ಪಟ್ಟಿ ಬಿದ್ದ ಮಕ್ಕಳು, ಮೂಳೆ ಸೆಟೆದು ಬಾಗಿ ನಡೆಯುವ ಹಿರಿಯರು ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿದ್ದಾರೆ. ನೆರೆ ಬಂದರೆ ಕ್ಯಾಮೆರಾ ಬರುತ್ತದೆ. ಇಪ್ಪತ್ತು ವರ್ಷ ಕುಡಿದ ನೀರು ಮೂಳೆಗೆ ಇಳಿದರೆ ಯಾರೂ ಬರುವುದಿಲ್ಲ. ಅದೂ ವಿಪತ್ತೇ.

ಈ ಕೊರೆತದ ಕಾಲದಲ್ಲೇ ಚಿತ್ರದುರ್ಗದಿಂದ ಒಂದು ಮರುನಡೆ ಹೊರಟಿತು. ಭೂಜಲ ತಜ್ಞ ಎನ್.ಜೆ. ದೇವರಾಜ ರೆಡ್ಡಿ ಬತ್ತಿದ ಕೊಳವೆಬಾವಿಗಳಿಗೆ ಮಳೆನೀರನ್ನೇ ಮರಳಿ ಉಣಿಸುವ ವಿಧಾನವನ್ನು ಊರೂರಿಗೆ ಒಯ್ದರು. ಕ್ರಮ ಸರಳ. ಬೋರಿನ ಸುತ್ತ ಹತ್ತಡಿ ಉದ್ದಗಲದ ಗುಂಡಿ ತೆಗೆದು, ಕೇಸಿಂಗ್ ಪೈಪಿಗೆ ರಂಧ್ರ ಕೊರೆದು ಜಾಲರಿ ಸುತ್ತಬೇಕು. ಗುಂಡಿಗೆ ಕೆಳಗಿನಿಂದ ದಪ್ಪ ಕಲ್ಲು, ಸಣ್ಣ ಕಲ್ಲು, ಜಲ್ಲಿ, ಇದ್ದಿಲು, ಮರಳು ಹೀಗೆ ಪದರ ಪದರವಾಗಿ ತುಂಬಬೇಕು. ಹೊಲದ ಹರಿನೀರು ಮೊದಲು ಹೂಳು ಇಳಿಸಿಕೊಳ್ಳುವ ಚಿಕ್ಕ ಹೊಂಡಕ್ಕೆ ಬಂದು, ಅಲ್ಲಿಂದ ಸೋಸಿಕೊಂಡು ಆಳಕ್ಕೆ ಇಳಿಯುತ್ತದೆ. ಗುಂಡಿ ತೆಗೆಯುವ ಜೆಸಿಬಿ, ಕಲ್ಲು, ಮರಳು ಇಷ್ಟೇ ಖರ್ಚು. ಹೊಸ ಬೋರಿನ ಖರ್ಚಿಗಿಂತ ಬಹಳ ಕಡಿಮೆ. ಎಲ್ಲ ಬೋರುಗಳೂ ಮರುಜೀವ ಪಡೆಯುವುದಿಲ್ಲ, ಕಲ್ಲಿನ ಬಿರುಕು ಎಲ್ಲಿದೆ ಎಂಬುದರ ಮೇಲೆ ಫಲ ನಿಂತಿದೆ. ಆದರೂ ಈ ವಿಧಾನದ ಬೆಲೆ ಒಂದೊಂದು ಬೋರಿನ ಲೆಕ್ಕಕ್ಕೆ ನಿಲ್ಲುವುದಿಲ್ಲ. ಅಕ್ಕಪಕ್ಕದ ಹೊಲದವರೂ ಗುಂಡಿ ತೆಗೆದಾಗ ಊರಿನ ಅಂತರ್ಜಲವೇ ಏರುತ್ತದೆ. ಗೋಪಾಲಸ್ವಾಮಿ ಹೊಂಡದ ಲೆಕ್ಕಾಚಾರ ನೆಲದಡಿಗೆ ಇಳಿದಂತೆ ಇದು.

ಕಾನೂನಿನ ಚೌಕಟ್ಟು ಈಚಿನದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿರಬೇಕು, ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆ ಇರಬೇಕು. ಸಹಾಯವಾಣಿ 1077. ಬರದ ವಿಷಯದಲ್ಲಿ ಕರ್ನಾಟಕ ಕಾಯ್ದೆಗಿಂತ ಮುಂದಿತ್ತು: 1988ರಲ್ಲೇ ಬರ ನಿಗಾ ಘಟಕ ತೆರೆದು, ಮುಂದೆ ಅದನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಸಿತು. ಅದರ ಮಳೆಮಾಪಕಗಳು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಮಳೆಯ ಮುನ್ಸೂಚನೆ ಬೇಕಾದ ರೈತ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ತನ್ನ ಹೋಬಳಿಯ ಸ್ಥಿತಿ ಕೇಳಬಹುದು. ಹೊಸದುರ್ಗದಲ್ಲಿ ಹೊಯ್ದ ಮಳೆ ಶ್ರೀರಾಂಪುರ ಹೋಬಳಿಯನ್ನು ಮುಟ್ಟದೇ ಹೋಗುವ ಸೀಮೆಯಲ್ಲಿ ಇಷ್ಟು ಹತ್ತಿರದ ಅಳತೆ ದೊಡ್ಡ ಲಾಭ.

ಅಳತೆ ಹತ್ತಿರವಾಯಿತು, ನೆರವು ಇನ್ನೂ ದೂರವೇ. 2023ರ ಮುಂಗಾರು ಸೋತಾಗ ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಹಂತಹಂತವಾಗಿ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ಕೇಂದ್ರದ ನೆರವಿಗಾಗಿ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. 3,454 ಕೋಟಿ ರೂಪಾಯಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ. ಬಿತ್ತಿದ ಬೀಜ ಸುಟ್ಟುಹೋಗಿ ಅಷ್ಟರಲ್ಲಿ ಎಂಟು ಹತ್ತು ತಿಂಗಳಾಗಿತ್ತು. ಟ್ಯಾಂಕರ್ ನೀರು, ಗೋಶಾಲೆಯ ಮೇವು, ಉದ್ಯೋಗ ಖಾತರಿಯ ಕೂಲಿ ಇವು ಜೀವ ಉಳಿಸುತ್ತವೆ, ಅದರಲ್ಲಿ ಅನುಮಾನವಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಈ ಕ್ರಮಕ್ಕೆ ಸಿಗುವ ದುಡ್ಡಿನಲ್ಲಿ ಒಂದಂಶ ಮಳೆಯ ವರ್ಷದಲ್ಲೇ ಕೆರೆಯ ಕಾಲುವೆ ಬಿಡಿಸಲು ಸಿಕ್ಕರೆ ಟ್ಯಾಂಕರ್‌ಗಳು ಅಷ್ಟು ಬೇಕಾಗುವುದಿಲ್ಲ.

ಮೇವಿನ ವಿಷಯದಲ್ಲಿ ಜನರ ರೂಢಿ ಸರ್ಕಾರಕ್ಕಿಂತ ಹಳೆಯದು. ಜಿಲ್ಲೆಯ ಉತ್ತರ ಭಾಗದ ಮ್ಯಾಸ ಬೇಡರು ದೇವರ ಎತ್ತುಗಳನ್ನು ಕಿಲಾರಿ ಎಂಬ ದನಗಾಹಿಗಳ ಕೈಗೊಪ್ಪಿಸಿ ಸಾಕುತ್ತಾರೆ. ಬರ ಬಂದರೆ ಅವುಗಳ ಮೇವಿನ ಹೊಣೆ ಇಡೀ ಸಮುದಾಯದ್ದು. ಭಕ್ತಿಯ ಹೆಸರಿನಲ್ಲಿ ಉಳಿದುಬಂದ ಈ ಏರ್ಪಾಡಿನಿಂದ ಒಂದು ನಾಟಿ ತಳಿಯೂ ಉಳಿದಿದೆ.

ಹೊಲದಲ್ಲೂ ಹಾಗೆಯೇ. ಹೊಸದುರ್ಗದ ಕಡೆ ಸಾವೆ ಬೆಳೆಯುವ ರೈತರು ಇಂದಿಗೂ ಇದ್ದಾರೆ. ತಡವಾಗಿ ಬಂದ ಮಳೆಗೂ ಸೈ, ತೆಳು ಮಣ್ಣಿಗೂ ಸೈ, ಬೇಗ ಕೊಯ್ಲಿಗೆ ಬರುವ ಕಾಳು ಅದು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಅಕ್ಕಡಿ ಎಂದರೆ ಬೆಳೆವಿಮೆ. ಅದಕ್ಕೆ ಕಂತು ಕಟ್ಟಬೇಕಿಲ್ಲ, ಅರ್ಜಿ ತುಂಬಬೇಕಿಲ್ಲ. ಇದಕ್ಕೆ ಎದುರಾಗಿ, ದಾಳಿಂಬೆಗೆ ಒಳ್ಳೆಯ ಬೆಲೆ ಬಂದಾಗ ಹೊಸದುರ್ಗ, ಹಿರಿಯೂರಿನ ಬೆಳೆಗಾರರು ಅದನ್ನೇ ನೆಚ್ಚಿದರು. ದುಂಡಾಣು ಅಂಗಮಾರಿ ಬಿದ್ದಾಗ ತೋಟಗಳನ್ನು ಕಿತ್ತು ಹಾಕಬೇಕಾಯಿತು. ಒಂದೇ ಬೆಳೆ, ಒಂದೇ ಬೋರು, ಒಂದೇ ಸಾಲ: ಬರ ಇಲ್ಲದ ವರ್ಷದಲ್ಲೂ ಮನೆ ಕುಸಿಯಲು ಇಷ್ಟು ಸಾಕು. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರ ಮತ್ತು ತೋಟಗಾರಿಕೆ ಕಾಲೇಜು ಒಣಬೇಸಾಯದ ತಿಳಿವಳಿಕೆ ಕೊಡುತ್ತಿವೆ. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡಗಳು ಬಂದವು. ಒಂದು ಜೀವದಾನದ ನೀರಿಗೆ ಅವು ಒದಗಿವೆ. ಆದರೆ ಜಾರುವ ಪ್ಲಾಸ್ಟಿಕ್ಕಿನ ಅಂಚಿನಿಂದ ಮಕ್ಕಳು ಬೀಳದಂತೆ ಬೇಲಿ ಹಾಕುವುದೂ ವಿಪತ್ತು ನಿರ್ವಹಣೆಯೇ ಎಂಬುದು ತಡವಾಗಿ ಹೊಳೆಯಿತು.

ಮತ್ತೆ 2022ರ ಕೋಡಿಗೆ ಬರಬೇಕು, ಏಕೆಂದರೆ ಈ ಸೀಮೆಯ ಸಿದ್ಧತೆಯ ದೊಡ್ಡ ತೆರಪು ಅಲ್ಲಿ ಕಂಡಿತು. ನೀರಿನ ಕೊರತೆಗೆ ನೂರು ಉಪಾಯ ಬಲ್ಲ ಜನ ನೀರಿನ ಹೆಚ್ಚಳವನ್ನು ಮರೆತಿದ್ದರು. 89 ವರ್ಷ 130 ಅಡಿ ಮುಟ್ಟದ ಹಿನ್ನೀರಿನ ಅಂಚಿನಲ್ಲಿ ತೋಟ, ಮನೆ, ರಸ್ತೆಗಳು ಬಂದಿದ್ದವು. ನೀರು ಹರಿಯದ ಹಳ್ಳ ಹೊಲವಾಗುತ್ತದೆ, ಹೊಲ ನಿವೇಶನವಾಗುತ್ತದೆ. ಇದರಲ್ಲಿ ಒಬ್ಬಿಬ್ಬರ ತಪ್ಪು ಹುಡುಕಿ ಫಲವಿಲ್ಲ, ಎರಡು ಮೂರು ತಲೆಮಾರು ಆ ನೆಲವನ್ನು ಒಣಗಿದ್ದಾಗಲೇ ಕಂಡಿತ್ತು. ಸಣ್ಣ ಕೆರೆಗಳ ಕಥೆಯೂ ಬೇರೆಯಲ್ಲ. ವರ್ಷಗಟ್ಟಲೆ ಖಾಲಿಯಿದ್ದ ಕೆರೆ ಒಂದೇ ರಾತ್ರಿಯ ಚಿತ್ತೆ ಮಳೆಗೆ ತುಂಬಿದರೆ ಏರಿಯ ಬಿಲಗಳು, ಜಾಲಿಯ ಬೇರುಗಳು, ಮುಚ್ಚಿದ ಕೋಡಿ ಕಾಲುವೆ ಎಲ್ಲವೂ ಒಟ್ಟಿಗೆ ಲೆಕ್ಕ ಕೇಳುತ್ತವೆ.

ವಾಣಿವಿಲಾಸ ಸಾಗರ ಮೊದಲು ಕೋಡಿ ಬಿದ್ದ 1933ರಲ್ಲೇ ಜಪಾನಿನ ಸನ್ರಿಕು ಕರಾವಳಿಗೆ ಸುನಾಮಿ ಅಪ್ಪಳಿಸಿತ್ತು. ಅದಾದ ಮೇಲೆ ಅನೆಯೋಶಿ ಎಂಬ ಹಳ್ಳಿಯವರು ಬೆಟ್ಟದ ದಾರಿಯಲ್ಲಿ ಒಂದು ಕಲ್ಲು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂದು ಬರೆಸಿದರು. 2011ರ ಮಹಾ ಸುನಾಮಿ ಬಂದಾಗ ನೀರು ಆ ಕಲ್ಲಿನ ಕೆಳಗೇ ನಿಂತಿತು. ಮೇಲಿದ್ದ ಮನೆಗಳು ಉಳಿದವು. ಚಿತ್ರದುರ್ಗ ಸೀಮೆಗೆ ಕಲ್ಲು ನೆಡುವುದನ್ನು ಯಾರೂ ಕಲಿಸಬೇಕಿಲ್ಲ. ಅಶೋಕನ ಬಂಡೆಶಾಸನಗಳಿಂದ ಹಿಡಿದು ಊರಮುಂದಿನ ವೀರಗಲ್ಲಿನವರೆಗೆ ಈ ಜಿಲ್ಲೆಯ ನೆನಪೆಲ್ಲ ಕಲ್ಲಿನ ಮೇಲೇ ಇದೆ. ಹಿನ್ನೀರಿನ ಪ್ರತಿ ಹಳ್ಳಿಯಲ್ಲೂ 2022ರ ನೀರು ಎಲ್ಲಿಗೆ ಬಂದಿತ್ತೆಂದು ತೋರಿಸುವ ಒಂದು ಕಲ್ಲು ನೆಟ್ಟರೆ ಅದಕ್ಕೆ ತಗಲುವ ಖರ್ಚು ಒಂದು ಫ್ಲೆಕ್ಸ್ ಬೋರ್ಡಿನಷ್ಟೇ.

ನಗರದ ವಿಪತ್ತು ಇನ್ನೊಂದು ದಾರಿಯಲ್ಲಿ ಬರುತ್ತದೆ. 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ಕುಡಿಯುವ ನೀರಿನಿಂದ ನೂರಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಹಲವರು ಪ್ರಾಣ ಕಳೆದುಕೊಂಡರು. ಬಹುಪಾಲು ದಲಿತ ಕುಟುಂಬಗಳಿರುವ ಬಡಾವಣೆ ಅದು. ಅಲ್ಲಿಗೆ ಬೇಕಿದ್ದದ್ದು ರಕ್ಷಣಾ ಪಡೆಯಲ್ಲ. ತೊಳೆದ ಟ್ಯಾಂಕ್, ಸೋರದ ಪೈಪು, ವಾರಕ್ಕೊಮ್ಮೆ ನೀರಿನ ಪರೀಕ್ಷೆ. ಮೊದಲ ಮನೆಯಲ್ಲಿ ವಾಂತಿ ಶುರುವಾದಾಗಲೇ ಆಶಾ ಕಾರ್ಯಕರ್ತೆಯ ಮಾತು ನೀರು ಬಿಡುವವನ ಕಿವಿಗೆ ಬೀಳುವ ವ್ಯವಸ್ಥೆ ಇದ್ದರೆ ಎರಡನೆಯ ಮನೆಯನ್ನು ಉಳಿಸಬಹುದು.

ಹೆದ್ದಾರಿಯನ್ನೂ ಮರೆಯುವಂತಿಲ್ಲ. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳನ್ನು ಹಾಯ್ದು ಹೋಗುತ್ತದೆ. 2020ರ ಆಗಸ್ಟ್‌ನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಹಿರಿಯೂರಿನ ಬಳಿ ನಸುಕಿನಲ್ಲಿ ಬೆಂಕಿ ಹೊತ್ತಿ ಮಕ್ಕಳು ಸೇರಿ ಐವರು ಸುಟ್ಟುಹೋದರು. ಇಂಥ ಕಡೆ ಆಂಬುಲೆನ್ಸಿಗಿಂತ ಮೊದಲು ತಲುಪುವವರು ರಸ್ತೆಬದಿಯ ಹೊಲದವರು, ಡಾಬಾದವರು, ಲಾರಿ ಚಾಲಕರು. ರಕ್ತ ನಿಲ್ಲಿಸುವುದು, ಗಾಜು ಒಡೆದು ದಾರಿ ಮಾಡುವುದು, 112ಕ್ಕೆ ಕರೆ ಮಾಡಿ ಜಾಗ ಸರಿಯಾಗಿ ಹೇಳುವುದು: ಇಷ್ಟರ ತರಬೇತಿ ಹೆದ್ದಾರಿಯ ಪ್ರತಿ ಹಳ್ಳಿಗೂ ಸಿಗಬೇಕು.

ಮುಂದಿನ ಪರೀಕ್ಷೆ ಭದ್ರಾ ಮೇಲ್ದಂಡೆ ಯೋಜನೆಯದು. ಸುಮಾರು 30 ಟಿಎಂಸಿ ನೀರನ್ನು ತುಂಗಾ, ಭದ್ರೆಗಳಿಂದ ಎತ್ತಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿಯಲ್ಲಿ ಕೊಡುವುದು, ಕೆರೆ ತುಂಬಿಸುವುದು ಅದರ ಗುರಿ. ರೈತರ ದೀರ್ಘ ಹೋರಾಟದ ಫಲವಾಗಿ 2019ರಿಂದ ಭದ್ರೆಯ ನೀರು ಅಜ್ಜಂಪುರದ ಕಡೆಯಿಂದ ವೇದಾವತಿಗೆ ಇಳಿದು ವಾಣಿವಿಲಾಸ ಸಾಗರ ಸೇರುತ್ತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿಯ ನೆರವಿಗಾಗಿ ಆಮೇಲೂ ಒತ್ತಾಯ ಮುಂದುವರಿಯಿತು. 2025ರ ಜನವರಿಯಲ್ಲಿ ಜಲಾಶಯ ಮೂರನೆಯ ಸಲ ಕೋಡಿ ಬಿತ್ತು, ಮುಖ್ಯಮಂತ್ರಿ ಬಂದು ಬಾಗಿನ ಅರ್ಪಿಸಿದರು. 89 ವರ್ಷ ಕಾಯಿಸಿದ್ದು ಈ ಸಲ ಮೂರು ವರ್ಷದೊಳಗೇ ಮರಳಿತ್ತು.

ನೀರು ಬಂದ ಧೈರ್ಯದಲ್ಲಿ ಹಿರಿಯೂರು, ಹೊಸದುರ್ಗದ ಒಣ ಹೊಲಗಳಿಗೆ ಅಡಿಕೆ ಸಸಿ ಇಳಿಯುತ್ತಿದೆ. ರಾಗಿ, ಸಾವೆ ಬೆಳೆಯುತ್ತಿದ್ದ ಜಾಗದಲ್ಲಿ ಡ್ರಿಪ್ ಪೈಪಿನ ಸಾಲುಗಳು ಕಾಣುತ್ತಿವೆ. ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ಈ ಶತಮಾನದಲ್ಲಿ ಈ ಸೀಮೆ ಐದಾರು ವರ್ಷಗಳನ್ನು ಬರವಿಲ್ಲದೆ ಸತತವಾಗಿ ಕಳೆದದ್ದು ಅಪರೂಪ.